ಅತ್ತೆಯ ಅಕಲು ಅಳೆದ ಮುನಸಫ್ ಸಾಹೇಬರು

ಹೋದ ವಾರ ಉಮರ್ಗಾದ ಬ್ಯಾಂಕಿಗೆ ಹೋಗಿದ್ದೆ. ಹೋಗಿದ್ದೆ ಅನ್ನುವುದು ಬಡಾಯಿ. ಮಗ ಕೈಹಿಡಿದು ಕರೆದುಕೊಂಡು ಹೋಗಿದ್ದ. ಯಾವುದೋ ಕಾಗದಕ್ಕೆ ನನ್ನ ಸಹಿ ಬೇಕಾಗಿತ್ತಂತೆ. ಗಾಜಿನ ಆಚೆ ಕುಳಿತಿದ್ದ ಹುಡುಗಿ ನನ್ನ ಮುಖ ನೋಡಿದಳು, ತಲೆಯ ಮೇಲಿನ ಸೆರಗು ನೋಡಿದಳು, ಆಮೇಲೆ ಮಗನ ಕಡೆ ತಿರುಗಿ, "ಆಜೀಂನಾ ಕಳತಂ ಕಾ?" ಅಂದಳು. ಅಜ್ಜಿಗೆ ತಿಳಿಯುತ್ತದೆಯೇ ಅಂತ. ನನಗೆ ಅವಳ ಮರಾಠಿಯೂ ತಿಳಿಯಿತು, ಪ್ರಶ್ನೆಯೂ ತಿಳಿಯಿತು. ಆದರೆ ಬಿಗುವಾಗಿ ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕನ್ನಡಕಕ್ಕಾಗಿ ಚೀಲದಲ್ಲಿ ಕೈಯಾಡಿಸುತ್ತಿದ್ದೆ. ಕನ್ನಡಕ ಮೂಗಿನ ಮೇಲೇ ಇತ್ತು. ಹುಡುಗಿ ಅದನ್ನೂ ನೋಡಿದಳು. ಇನ್ನೇನೂ ಕೇಳದೆ ಹೆಬ್ಬೆಟ್ಟು ಒತ್ತುವ ಮಸಿಯ ಡಬ್ಬಿಯನ್ನು ನನ್ನ ಮುಂದೆ ಸರಿಸಿದಳು.

ಗುಂಜೋಟಿಯ ನನ್ನ ತವರುಮನೆಯ ಹಿಂದಿನ ಮಠದಲ್ಲಿ ಅಯ್ಯನವರ ಬಳಿ ಕಲಿತ ಅಕ್ಷರ ನನಗೆ ಇನ್ನೂ ಬರುತ್ತದೆ. ಹಾಗಂತ ಹೇಳಬೇಕು ಅನ್ನುವಷ್ಟರಲ್ಲಿ ಆ ಡಬ್ಬಿಯ ಮುಚ್ಚಳ ತೆಗೆದರು. ಅದರೊಳಗಿಂದ ಒಂದು ವಾಸನೆ ಎದ್ದಿತು ನೋಡಿ, ಎಣ್ಣೆಯದೋ ಶಾಯಿಯದೋ ಹಳೆ ಬಟ್ಟೆಯದೋ ಹೇಳಲಾಗದ ವಾಸನೆ. ನಾನು ಹೇಳಬೇಕಾದ್ದನ್ನು ಮರೆತೆ. ಉಮರ್ಗಾ ಹೋಗಿ ನಿಲಂಗಾ ಬಂತು. ನಿಜಾಮ ಸರಕಾರದ ಕಾಲದ ಅದಾಲತ್ತಿನ ಕಲ್ಲಿನ ಪಡಸಾಲೆ ಬಂತು. ಆ ಪಡಸಾಲೆಯಲ್ಲಿ ಸೆರಗು ಹೊದ್ದು ನಿಂತ ನನ್ನ ಅತ್ತೆ ಕಾಶಮ್ಮ ಬಂದರು. ಮನೆಗೆ ಬರುವತನಕ ಮಗ ಏನೇನೋ ಮಾತಾಡಿದ, ನಾನು ಹೂಂ ಹೂಂ ಅಂದೆ. ಅವನೂ ಆ ಹುಡುಗಿಯ ಹಾಗೆಯೇ ಅಂದುಕೊಂಡಿರಬೇಕು.

ನಮ್ಮ ಅತ್ತೆಯ ಬಗ್ಗೆ ಮೊದಲು ಹೇಳಬೇಕಾದದ್ದು ಅವರ ಮೌನ. ಎತ್ತರದ ಹೆಂಗಸು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿಯ ಕರಡಿಗೆ. ಏನಾದರೂ ಕೇಳಿದರೆ ಹೊಸ್ತಿಲು ನೋಡುತ್ತ ನಿಲ್ಲುವರು. ಉತ್ತರ ಬರುತ್ತಿತ್ತು, ಬರುವುದಿಲ್ಲ ಅಂತಲ್ಲ. ಆದರೆ ಅದು ಅದರ ಸಮಯಕ್ಕೆ ಬರುತ್ತಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ, "ಅತ್ತಿ, ಬದನಿಕಾಯಿ ಪಲ್ಯಾಕ್ಕ ಪುಂಡಿ ಸೊಪ್ಪು ಕೂಡಿಸಲೇನ್ರಿ?" ಅಂತ ಕೇಳಿದ್ದೆ. ಎಲ್ಲರೂ ಉಂಡು, ನಾನು ಪಾತ್ರೆ ತೊಳೆಯುವಾಗ, ಹಿತ್ತಲ ಬಾಗಿಲಿಗೆ ಬಂದು, "ಕೂಡಸಬ್ಯಾಡವ್ವ, ನಿಮ್ಮ ಮಾವಗ ಪುಂಡಿ ಆಗಿಬರತಿರಲಿಲ್ಲ" ಅಂದರು. ಮಾವ ತೀರಿಹೋಗಿ ಆಗಲೇ ಬಹಳ ವರ್ಷವಾಗಿತ್ತು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕೆ. ಹದಿನೇಳರ ಹುಡುಗಿಗೆ ನಗಲು ಅಷ್ಟು ಸಾಕು.

ಬರಬರುತ್ತ ಅವರಿಗೆ ಮರೆವು ಶುರುವಾಯಿತು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ನನ್ನನ್ನು ಮಗಳ ಹೆಸರಿನಿಂದ ಕರೆಯುವರು, ನೆರೆಮನೆಯವಳನ್ನು ತಮ್ಮ ಸತ್ತುಹೋದ ತಂಗಿಯ ಹೆಸರಿನಿಂದ ಕರೆಯುವರು. ಒಂದು ಸಂಜೆ ಹೊಲದಿಂದ ಹೊರಟವರು ಮನೆಗೆ ಬರಲಿಲ್ಲ. ಹುಟ್ಟಿದಾರಭ್ಯ ಅನ್ನುವ ಹಾಗೆ ನಡೆದ ದಾರಿ! ನಮ್ಮ ಮನೆಯವರು, ಅಂದರೆ ನನ್ನ ಗಂಡ, ಹಳ್ಳದ ದಂಡೆಯುದ್ದಕ್ಕೂ ಕೂಗುತ್ತ ಓಡಾಡಿದರು. ಕೊನೆಗೆ ಕುರಿಹಟ್ಟಿಯ ಬಳಿ, ಬೀರಪ್ಪ ದೇವರ ಒಕ್ಕಲಿನ ಮಾಳವ್ವನ ಜೊತೆ ಕುಳಿತು ಅತ್ತೆ ಹಾಲು ಕುಡಿಯುತ್ತಿದ್ದರು. "ಹಾದಿ ತಪ್ಪಿದ್ದೆ ತಮ್ಮಾ. ದೀಪ ಕಂಡು ಇಲ್ಲಿ ಬಂದೆ" ಅಂದರಂತೆ. ಅವತ್ತು ನನ್ನ ಗಂಡ ಮನೆಗೆ ಬಂದು ಕಂಬಕ್ಕೆ ಒರಗಿ ಅತ್ತದ್ದನ್ನು ನಾನು ನೋಡಿದ್ದೇನೆ. ಮುಂದಿನದನ್ನು ಕೇಳುವಾಗ ನೀವು ಅದನ್ನು ನೆನಪಿನಲ್ಲಿಡಬೇಕು. ಅವರು ಕೆಟ್ಟವರಾಗಿರಲಿಲ್ಲ.

ಆ ವರ್ಷವೇ ನನ್ನ ನಾದಿನಿ ಚಂದ್ರಮ್ಮ ತವರಿಗೆ ವಾಪಸು ಬಂದಳು. ಗಂಡ ಇನ್ನೊಬ್ಬಳನ್ನು ತಂದುಕೊಂಡು ಇವಳನ್ನು ಗಾಡಿಯಲ್ಲಿ ಕೂರಿಸಿ ಕಳಿಸಿದ್ದ. ಮಕ್ಕಳಿರಲಿಲ್ಲ. ಒಂದು ಗಂಟು ಬಟ್ಟೆ ತಂದಿದ್ದಳು, ಅದನ್ನು ಬಿಚ್ಚದೆ ಹಾಗೇ ಮೂಲೆಯಲ್ಲಿಟ್ಟಿದ್ದಳು, ನಾಳೆ ಯಾರೋ ಕರೆಯಲು ಬರುತ್ತಾರೆ ಅನ್ನುವಂತೆ. ಯಾರೂ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ಮಗನನ್ನು ಕರೆದು, "ನನ್ನ ಹೊಲ ಚಂದ್ರಿಗಿ ಕೊಡ್ತೀನಪ್ಪ" ಅಂದರು.

ಅದು ಅವರದೇ ಹೊಲ. ಮಾಕಣಿಯ ಅವರ ತವರಿನವರು ಮದುವೆಯಲ್ಲಿ ನಮ್ಮೂರಿನಲ್ಲೇ ಕೊಂಡು ಅವರ ಹೆಸರಿಗೆ ಮಾಡಿಸಿಕೊಟ್ಟದ್ದು. ಕರಿ ನೆಲ, ಹಳ್ಳದ ಬದಿಯದು. ನಮ್ಮ ಮನೆಯ ಹೊಲಗಳಲ್ಲೆಲ್ಲ ಅದೇ ಒಳ್ಳೆಯದು. ನನ್ನ ಗಂಡನ ಮುಖ ಕಪ್ಪಿಟ್ಟಿತು. ಮೊದಲು ಸಮಾಧಾನ ಹೇಳಿದರು, ಆಮೇಲೆ ಜಗಳವಾಡಿದರು, ಆಮೇಲೆ ತಂಗಿಯ ಜೊತೆ ಮಾತು ಬಿಟ್ಟರು. "ಅವ್ವಗ ಅಕಲ್ ಹೋಗ್ಯಾದ. ಚಂದ್ರಿ ತಲಿ ತುಂಬ್ಯಾಳ" ಅಂತ ಊರಿಗೆಲ್ಲ ಹೇಳಿಕೊಂಡು ಬಂದರು. ಅತ್ತೆಯನ್ನು ಉದಗೀರಿಗೆ ಕರೆದೊಯ್ದು ಒಬ್ಬ ಹಕೀಮರಿಗೆ ತೋರಿಸಿದರು. ಹಕೀಮರು ನಾಡಿ ನೋಡಿ, ಉರ್ದುವಿನಲ್ಲಿ ಒಂದಿಷ್ಟು ಪ್ರಶ್ನೆ ಕೇಳಿ, ಈ ಹೆಂಗಸಿಗೆ ತಿಳಿವಳಿಕೆ ಉಳಿದಿಲ್ಲ ಅಂತ ಬರೆದುಕೊಟ್ಟರು. ಅದನ್ನು ಹಿಡಿದು ನಮ್ಮವರು ನಿಲಂಗಾದ ಅದಾಲತ್ತಿನಲ್ಲಿ ಅರ್ಜಿ ಹಾಕಿದರು: ತಾಯಿಯ ಬುದ್ಧಿ ಸ್ಥಿಮಿತದಲ್ಲಿಲ್ಲ, ಅವಳ ಆಸ್ತಿಯ ಮೇಲ್ವಿಚಾರಣೆ ಮಗನಿಗೆ ಕೊಡಬೇಕು.

ಹೀಗೆ ಒಂದೇ ಗಾಡಿಯಲ್ಲಿ ನಾವೆಲ್ಲ ನಿಲಂಗಾಕ್ಕೆ ಹೊರಟೆವು. ಫಿರ್ಯಾದಿ ಗಾಡಿ ಹೊಡೆಯುತ್ತಿದ್ದರು, ಎದುರುವಾದಿ ಹಿಂದೆ ಕುಳಿತು ಅವರಿಗೆ ಬುತ್ತಿಯ ರೊಟ್ಟಿ ಮುರಿದು ಕೊಡುತ್ತಿದ್ದರು. ಇಂಥ ಮೊಕದ್ದಮೆ ನಿಲಂಗಾದಲ್ಲಿ ಹಿಂದೆ ನಡೆದಿತ್ತೋ ಇಲ್ಲವೋ ನನಗೆ ತಿಳಿಯದು.

ಆ ಅದಾಲತ್ತಿನ ನ್ಯಾಯಾಧೀಶರು, ಮುನಸಫ್ ಸಾಹೇಬರು, ಹೈದರಾಬಾದಿನ ಕಡೆಯವರು. ಸಣಕಲು ಮೈ, ನರೆತ ಗಡ್ಡ. ಕನ್ನಡ ಬಾರದು. ಅವರ ಗುಮಾಸ್ತ ಪೇಶಕಾರನಿಗೆ ಉರ್ದು, ಮರಾಠಿ, ನಮ್ಮ ಮಾತು ಮೂರೂ ಬರುತ್ತಿದ್ದವು. ಸಾಹೇಬರ ಪ್ರಶ್ನೆಯನ್ನು ಅವನು ನಮಗೆ ಹೇಳುವನು, ನಮ್ಮ ಉತ್ತರವನ್ನು ಅವರಿಗೆ ಹೇಳುವನು. ನಮ್ಮವರ ವಕೀಲ, ಹಕೀಮರು ಕೇಳಿದ್ದ ಪ್ರಶ್ನೆಗಳನ್ನೇ ಮತ್ತೆ ಕೇಳಬೇಕೆಂದು ವಿನಂತಿಸಿದ.

"ಅಮ್ಮಾ, ಇದು ಯಾವ ಸಾಲ, ಯಾವ ವರ್ಸ?" ಪೇಶಕಾರ ಕೇಳಿದ.

ಅತ್ತೆ ನೆಲ ನೋಡಿದರು. ಪೇಶಕಾರ ಬರೆದುಕೊಂಡ: ಜವಾಬು ಇಲ್ಲ.

"ಯಾವ ತಿಂಗಳು?"

ನೆಲ. ಜವಾಬು ಇಲ್ಲ.

"ನೂರರಿಂದ ಹಿಂದಕ್ಕ ಎಣಸ್ರಿ."

ಅತ್ತೆ ಅವನ ಮುಖ ನೋಡಿದರು, ಇವನಿಗೇನಾಗಿದೆ ಅನ್ನುವಂತೆ. ಜವಾಬು ಇಲ್ಲ.

ಕೊನೆಗೆ ಅವನು ನನ್ನ ಕಡೆ ಕೈ ತೋರಿಸಿ, "ಈಕಿ ಯಾರು?" ಅಂದ. ಈ ಸಲ ಉತ್ತರ ತಟ್ಟನೆ ಬಂತು. "ನಮ್ಮ ಚಂದ್ರಿ" ಅಂದರು. ಚಂದ್ರಮ್ಮ ಕಂಬದ ಆಚೆ ನಿಂತಿದ್ದಳು. ಅವಳು ಕಣ್ಣು ಮುಚ್ಚಿಕೊಂಡದ್ದು ಕಂಡಿತು. ವಕೀಲ ಸಣ್ಣಗೆ ನಕ್ಕ. ನಿಜ ಹೇಳುತ್ತೇನೆ, ಆ ಕ್ಷಣ ನನಗೂ ಮುಗಿಯಿತು ಅನ್ನಿಸಿತು. ಹಕೀಮರು ಹೇಳಿದ್ದು ಸರಿಯೇ ಇರಬೇಕು, ಪಾಪ, ಈ ಜೀವಕ್ಕೆ ಇನ್ನು ತಿಳಿಯುವುದಿಲ್ಲ ಅಂದುಕೊಂಡೆ.

ಸಾಹೇಬರು ವಕೀಲನನ್ನು ಏನೋ ಕೇಳಿದರು. ಆಮೇಲೆ ಪೇಶಕಾರ ನಮಗೆ ತಿಳಿಸಿದ್ದು ಇದು: ಈ ಪ್ರಶ್ನೆಗಳನ್ನು ಹಕೀಮರು ಈಕೆಯೊಬ್ಬಳನ್ನೇ ಕೇಳಿದ್ದಾರೋ, ಈಕೆಯ ವಯಸ್ಸಿನ, ಈಕೆಯ ಊರಿನ ಬೇರೆ ಹೆಂಗಸರನ್ನೂ ಕೇಳಿದ್ದಾರೋ? ವಕೀಲ, "ಬೇರೆಯವರ ಮೇಲೆ ಅರ್ಜಿ ಇಲ್ಲವಲ್ಲ ಹುಜೂರ್" ಅಂದ. ಪಡಸಾಲೆಯಲ್ಲಿ ಜನ ನಕ್ಕರು. ಸಾಹೇಬರೂ ನಕ್ಕರು. "ತಕ್ಕಡಿಗೆ ಎರಡು ತಟ್ಟೆ ಇರುತ್ತವೆ ವಕೀಲ ಸಾಹೇಬ. ನೀವು ಒಂದೇ ತಟ್ಟೆ ತಂದಿದ್ದೀರಿ. ಇನ್ನೊಂದನ್ನು ನಾನು ಆ ಊರಿಗೇ ಹೋಗಿ ನೋಡುತ್ತೇನೆ" ಅಂದರು.

ದೊಡ್ಡ ಅಧಿಕಾರಿ ಒಬ್ಬ ಮುದುಕಿಯ ಬುದ್ಧಿ ನೋಡಲು ಹಳ್ಳಿಗೆ ಬರುವುದೆಂದರೆ ಯಾರು ನಂಬುತ್ತಾರೆ? ಆದರೆ ಅವರು ಬಂದರು. ಎಳ್ಳಮವಾಸ್ಯೆಗೆ ಮುಂಚಿನ ದಿನಗಳು, ಜೋಳ ತೆನೆ ಹಾಕಿತ್ತು, ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಚಾವಡಿಯಲ್ಲಿ ಕುರ್ಚಿ ಹಾಕಿಸಿದ್ದರೆ ಅವರು ಅದನ್ನು ಬೇವಿನ ಕಟ್ಟೆಯ ಬಳಿ ತರಿಸಿದರು. ಕಾಶಮ್ಮನ ಓರಗೆಯ ಹೆಂಗಸರೆಲ್ಲ ಬರಬೇಕು ಅಂತ ಡಂಗುರ ಹೊಡೆಸಿದರು. ಓರಗೆಯವರು ಏಳೆಂಟು ಮಂದಿ, ನೋಡಲು ಬಂದವರು ಇಡೀ ಊರು. ಕುರಿಹಟ್ಟಿಯ ಮಾಳವ್ವ ಹಣೆಗೆ ಭಂಡಾರ ಬಡಿದುಕೊಂಡು ಬಂದಳು. ಹತ್ತಿ ಹಿಂಜುವ ಮನೆಯ ಹುಸೇನಬಿ ಊರುಗೋಲು ಹಿಡಿದು ಬಂದಳು.

ಮೊದಲ ಪ್ರಶ್ನೆ ಮತ್ತೆ ಅದೇ. ಇದು ಯಾವ ತಿಂಗಳು?

"ರಜಬ್" ಅಂದಳು ಹುಸೇನಬಿ, ಅನುಮಾನವೇ ಇಲ್ಲದೆ.

"ರಜಬ್ ಗಿಜಬ್ ನಮಗ ಗೊತ್ತಿಲ್ರಿ. ಕುರಿ ಮರಿ ಹಾಕೋ ದಿನ ಇವು" ಅಂದಳು ಮಾಳವ್ವ.

"ಎಳ್ಳಮಾಸಿ ತಿಂಗಳ್ರಿ" ಅಂತ ನಮ್ಮ ಓಣಿಯ ಇಬ್ಬರು ಒಟ್ಟಿಗೇ ಹೇಳಿದರು. ನಮ್ಮ ಮನೆಯವರು "ಮಾರ್ಗಶಿರ" ಅಂದರು. ಪೇಶಕಾರ ಸರಕಾರಿ ಪಂಚಾಂಗದ ಪ್ರಕಾರ "ಬಹಮನ್" ಅಂದ. ಸಾಹೇಬರು ಎಲ್ಲರ ಉತ್ತರವನ್ನೂ ಸರಿ ಅಂತ ಬರೆಸಿದರು. ಅತ್ತೆಯ ಸರದಿ ಬಂತು. ಪೇಶಕಾರ ಒಂದು ಗಳಿಗೆ ನೋಡಿ ಬರೆಯಲು ಹೋದ. ಸಾಹೇಬರು ಅವನ ಕೈ ಹಿಡಿದು, "ಠಹರೋ" ಅಂದರು. ಕಾದರು. ಊರಿಗೆ ಊರೇ ಕಾಯಿತು. ಒಂದು ಆಡು ಬಂದು ಕುರ್ಚಿಯ ಕಾಲಿಗೆ ಮೈ ಉಜ್ಜಿ ಹೋಯಿತು.

"ಶ್ರಾವಣ" ಅಂದರು ಅತ್ತೆ.

"ಏ ಕಾಶಮ್ಮಾ!" ಮಾಳವ್ವ ತೊಡೆ ತಟ್ಟಿ ನಕ್ಕಳು. "ಹೊಲ ನೋಡವ್ವ ಜರಾ, ಜ್ವಾಳ ತೆನಿ ಹಾಕ್ಯಾವ. ಶ್ರಾವಣದಾಗ ತೆನಿ ಬರ್ತಾವೇನು?"

ಅತ್ತೆ ತಿರುಗಿ ನೋಡಿದರು. "ಹೌದಲಾ" ಅಂದರು, ಮಗುವಿನ ಹಾಗೆ. ಸಾಹೇಬರು ಅದನ್ನೂ ಬರೆಸಿದರು. ಅವರು ಅತ್ತೆಯ ಪರ ವಹಿಸಲು ಬಂದಿರಲಿಲ್ಲ, ಅದು ನನಗೆ ಅಲ್ಲೇ ಅರ್ಥವಾಯಿತು. ಉಳಿದವರಿಗೆ ಬಂದದ್ದು ಅತ್ತೆಗೆ ಬರಲಿಲ್ಲ. ಅದು ಹಾಗೆಯೇ ಕಾಗದಕ್ಕೆ ಹೋಯಿತು.

ನೂರರಿಂದ ಹಿಂದಕ್ಕೆ ಎಣಿಸುವ ಪ್ರಶ್ನೆ ಬಂದಾಗ ಮಾತ್ರ ಕಟ್ಟೆಯ ಮೇಲೆ ಒಂದು ದಂಗೆಯೇ ಎದ್ದಿತು. "ಹಿಂದಕ ಯಾಕ ಎಣಸಬೇಕ್ರಿ ಸಾಹೇಬರ?" ಮಾಳವ್ವ ಕೇಳಿದಳು. "ಕುರಿ ಮುಂದಕ ಹೋಗ್ತಾವ." ಹುಸೇನಬಿ ಅದನ್ನು ಉರ್ದುವಿಗೆ ತಿರುಗಿಸಿ ಹೇಳಿದಳು. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಎಣಿಸಿದವರು ಯಾರೂ ಇಲ್ಲ. ಆ ಪ್ರಶ್ನೆಯನ್ನು ಅವರು ಹೊಡೆದುಹಾಕಿಸಿದರು: ಈ ಊರಿನಲ್ಲಿ ಯಾರೂ ಮಾಡದ ಕೆಲಸವನ್ನು ಒಬ್ಬಳು ಮಾಡಲಿಲ್ಲ ಅಂದರೆ ಅದರಿಂದ ಅವಳ ಬಗ್ಗೆ ಏನು ತಿಳಿಯಿತು?

ಆಮೇಲೆ ನನ್ನನ್ನು ಕರೆದರು. ಒಂದು ಕಡೆ ಗಂಡ, ಇನ್ನೊಂದು ಕಡೆ ಅತ್ತೆ. ದಿನವೂ ಮನೆಯಲ್ಲಿ ನೋಡಿದ್ದನ್ನು ಇದ್ದ ಹಾಗೆ ಹೇಳು ಅಂದರು. ನಾನು ಹೇಳಿದೆ.

"ಅತ್ತಿ ಸಾರಿಗಿ ಎರಡ್ ಸಲ ಉಪ್ಪು ಹಾಕತಾರ್ರಿ. ಖರೆ. ಆದರ ಯಾರ ಕಾಲ ಬಾತಾವ, ಯಾರಿಗಿ ಉಪ್ಪು ಕಡಿಮಿ ಬೇಕು ಅನ್ನೋದು ಮರತಿಲ್ರಿ. ಅವರ ಪಾಲಿಂದು ಬ್ಯಾರೆ ತಗದು ಇಡತಾರ."

ಸಾಹೇಬರು ಪೇಶಕಾರನಿಂದ ಅದನ್ನು ಎರಡು ಸಲ ಹೇಳಿಸಿಕೊಂಡರು. ನನ್ನ ಗಂಡ ಬೇರೆ ಕಡೆ ಮುಖ ಮಾಡಿಕೊಂಡು ನಿಂತಿದ್ದರು.

ಅವರನ್ನೂ ಕೇಳಿದರು. ತಾಯಿಗೆ ಮರೆವು ಯಾವಾಗಿನಿಂದ?

"ಎರಡ್ ವರ್ಸ ಆಯ್ತ್ರಿ."

ಎರಡು ವರ್ಷದಿಂದ ಏಕೆ ಬರಲಿಲ್ಲ? ಈ ದೀಪಾವಳಿ ಆದ ಮೇಲೆ ಏಕೆ ಬಂದೆ?

ನಮ್ಮವರು ಸುಮ್ಮನೆ ನಿಂತರು. ಅವರದು ಅತ್ತೆಯ ಮೌನವಲ್ಲ, ಅದನ್ನು ಯಾರು ಬೇಕಾದರೂ ಓದಬಹುದಿತ್ತು. "ಹೊಲ ಕೊಡ್ತೀನಿ ಅಂದಳ್ರಿ" ಅಂದರು ಕೊನೆಗೆ. ಜನ ಗುಜುಗುಜು ಶುರುಮಾಡಿದರು. ಆಗ ಅವರು ಧ್ವನಿ ಎತ್ತಿದರು. "ಹೊಲಕ್ಕಷ್ಟೇ ಅಲ್ರಿ ಸಾಹೇಬರ. ಆಕಿ ಹಾದಿ ತಪ್ಪಿದ ದಿನ ನಾ ಹಳ್ಳದಾಗ ಆಕಿ ಹೆಣ ಹುಡುಕೀನಿ. ನಾಳಿಗಿ ಯಾರರೇ ಬಂದು ಒಂದು ಕಾಗದದ ಮ್ಯಾಲ ಆಕಿ ಹೆಬ್ಬಟ್ಟ ಒತ್ತಿಸಿಕೊಂಡು ಹೋದರ? ಯಾರಿಗಿ ಕೇಳಲಿ ನಾ?"

ಸಾಹೇಬರು ತಲೆದೂಗಿ, ಈ ಮಾತೂ ಸರಿ, ಇದನ್ನೂ ಬರಿ ಅಂದರು.

ಕೊನೆಗೆ ಅತ್ತೆಯನ್ನು ಹತ್ತಿರ ಕೂರಿಸಿಕೊಂಡರು. ಈ ಸಲ ತಿಂಗಳಿಲ್ಲ, ಎಣಿಕೆಯಿಲ್ಲ. ಬರಿ ಹೊಲದ ಮಾತು.

"ಹೊಲ ಮಗಳಿಗಿ ಯಾಕ ಕೊಡ್ತೀರಿ ಅಂತ ಕೇಳ್ಲತ್ತಾರ" ಅಂದ ಪೇಶಕಾರ. ಈಗ ಅವನಿಗೂ ಕಾಯುವುದು ಬಂದಿತ್ತು, ಲೇಖನಿ ಕೆಳಗಿಟ್ಟಿದ್ದ.

"ಮಗಗ ಹೊಲ ಅದ. ಹೆಣ್ತಿ ಅದಾಳ. ಇಕಿಗಿ ಏನದ?"

"ಆಕಿ ಮಾರಿದರ?"

"ಮಾರಬಾರದು ಅಂತ ಬರೀರಿ. ಬಿತ್ತಬೇಕು, ಉಣಬೇಕು. ಮಾರಬಾರದು, ಅಡವು ಇಡಬಾರದು."

"ಆಕಿ ಗಂಡ ತಿರುಗಿ ಬಂದರ?"

ಇದಕ್ಕೆ ಅವರು ಬಹಳ ಹೊತ್ತು ತೆಗೆದುಕೊಂಡರು. ಚಂದ್ರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಊರಿನಲ್ಲಿ ಯಾರೂ ಅವಳ ಮುಂದೆ ಆಡದ ಮಾತು ಅದು.

"ಬಂದರ ಉಣಸಲಿ. ಹಸದು ಬಂದವಗ ಇಲ್ಲ ಅನಬಾರದು. ಹೊಲದಾಗ ಮಾತ್ರ ಅಂವಾ ಕಾಲಿಡಂಗಿಲ್ಲ."

"ಆಕಿ ಹಿಂದ ಹೊಲ ಯಾರಿಗಿ?"

"ಇಕಿ ಹೊಟ್ಟಿಯಾಗ ಇದ್ದದ್ದಕ್ಕ" ಅಂತ ಅತ್ತೆ ನನ್ನ ಕಡೆ ಕೈ ತೋರಿಸಿದರು.

ಆ ಸುದ್ದಿ ನನಗೊಬ್ಬಳಿಗೇ ಗೊತ್ತಿತ್ತು, ಅದೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ. ನನ್ನ ಹೆಸರು ಮರೆತ ಅತ್ತೆ, ನಾನು ಬೆಳಿಗ್ಗೆ ಒಲೆಯ ಮುಂದೆ ಮುಖ ತಿರುಗಿಸುವುದನ್ನು ಅದ್ಯಾವಾಗ ನೋಡಿದ್ದರೋ! ಮಾಳವ್ವ "ಅಯ್ ನನ ಶಿವನ" ಅಂತ ಕೂಗಿ ನನ್ನ ಗಲ್ಲ ಹಿಂಡಿದಳು. ನಮ್ಮವರು ಮೊಕದ್ದಮೆಯನ್ನೇ ಮರೆತು ಬಾಯಿ ತೆರೆದು ನನ್ನನ್ನು ನೋಡುತ್ತಿದ್ದರು. ಮುನಸಫ್ ಸಾಹೇಬರ ಎದುರಿಗೆ, ಪೇಶಕಾರನ ಎದುರಿಗೆ, ಇಡೀ ಊರಿನ ಎದುರಿಗೆ ಗಂಡನಿಗೆ ಇಂಥ ಸುದ್ದಿ ತಿಳಿದ ಇನ್ನೊಬ್ಬ ಸೊಸೆಯನ್ನು ನಾನಂತೂ ಕಂಡಿಲ್ಲ.

ಗದ್ದಲ ತಣ್ಣಗಾಗಲು ಬಿಟ್ಟು ಸಾಹೇಬರು ಇನ್ನೊಂದು ಪ್ರಶ್ನೆ ಕೇಳಿಸಿದರು. "ಮಗ ಸಿಟ್ಟಾದರ?"

"ಆಗ್ಯಾನಲ್ಲ ಈಗೇ" ಅಂದರು ಅತ್ತೆ. ಎಲ್ಲರೂ ನಕ್ಕರು, ಅವರು ನಗಲಿಲ್ಲ. "ನನ್ನ ಮಗ ಕೆಟ್ಟಾಂವ ಅಲ್ರಿ. ಸಿಟ್ಟು ಇಳೀತದ ಅವಂದು. ಚಂದ್ರಿ ಹೊಟ್ಟಿ ಹಸಿವು ಇಳಿಯಂಗಿಲ್ಲ, ದಿನಾ ಬರ್ತದ."

ಸಾಹೇಬರು ಏಳುವಾಗ ಬಿಸಿಲು ಇಳಿದಿತ್ತು. ಹೊರಡುವ ಮುಂಚೆ ಅವರು ತಾವೇ ತೊದಲು ಮರಾಠಿಯಲ್ಲಿ ಅತ್ತೆಯನ್ನು ಕೇಳಿದರು: "ಮೀ ಕೋಣ?" ನಾನು ಯಾರು? ಅತ್ತೆ ಅವರ ಗಡ್ಡವನ್ನು ದಿಟ್ಟಿಸಿ ನೋಡಿ, "ಉದಗೀರ ಹಕೀಮರಲ್ಲೇನು?" ಅಂದರು. ಕಟ್ಟಿದ್ದೆಲ್ಲ ಒಂದೇ ಮಾತಿಗೆ ಉರುಳಿತು ಅನ್ನಿಸಿತು. ಸಾಹೇಬರು ಪೇಶಕಾರನಿಗೆ, ಇದನ್ನೂ ಬರಿ ಅಂತ ಹೇಳಿ ಅತ್ತೆಗೆ ಎರಡೂ ಕೈಯೆತ್ತಿ ನಮಸ್ಕಾರ ಮಾಡಿ ಹೋದರು.

ಎಳ್ಳಮವಾಸ್ಯೆ ಮುಗಿದ ಮೇಲೆ ನಿಲಂಗಾದಲ್ಲಿ ತೀರ್ಪು ಓದಿದರು. ಉರ್ದುವಿನ ಆ ದೊಡ್ಡ ದೊಡ್ಡ ಮಾತುಗಳು ನಮಗೆ ತಿಳಿಯಲಿಲ್ಲ. ಪೇಶಕಾರ ಹೊರಗೆ ಕರೆದುಕೊಂಡು ಹೋಗಿ ಬಿಡಿಸಿ ಹೇಳಿದ. ಈ ಹೆಂಗಸಿಗೆ ಮರೆವಿದೆ, ತನ್ನ ಓರಗೆಯವರಿಗಿಂತ ಹೆಚ್ಚೇ ಇದೆ. ದಿನ, ತಿಂಗಳು, ಮುಖ ಇವು ಕೈತಪ್ಪುತ್ತಿವೆ. ಆದರೆ ತನ್ನದು ಯಾವುದು, ಯಾರಿಗೆ ಏನು ಬೇಕು, ಕೊಟ್ಟರೆ ಏನಾಗುತ್ತದೆ, ಕೊಡದಿದ್ದರೆ ಏನಾಗುತ್ತದೆ ಅನ್ನುವುದನ್ನು ಆಕೆ ತೂಗಿ ನೋಡಬಲ್ಲಳು. ಅದಕ್ಕೆ ಹೊತ್ತು ಬೇಕು, ಕೇಳುವವರಿಗೆ ತಾಳ್ಮೆ ಬೇಕು. ಹೊಲ ಅವಳ ಮಾತಿನಂತೆಯೇ ಮಗಳಿಗೆ ಹೋಗಲಿ. ಮಗನ ಭಯವೂ ಸುಳ್ಳಲ್ಲ. ಆದ್ದರಿಂದ ಇನ್ನು ಮುಂದೆ ಪಟೇಲ ಮತ್ತು ಊರಿನ ಇಬ್ಬರು ಹೆಂಗಸರ ಎದುರಿಗೆ ಬಾಯಿಬಿಟ್ಟು ಹೇಳಿದ ಹೊರತು ಇವಳ ಹೆಬ್ಬೆಟ್ಟು ಯಾವ ಕಾಗದಕ್ಕೂ ನಡೆಯುವುದಿಲ್ಲ.

ಆ ಪಡಸಾಲೆಯಲ್ಲೇ ಮಸಿಯ ಡಬ್ಬಿ ತಂದರು. ಅತ್ತೆ ಹೆಬ್ಬೆಟ್ಟು ಒತ್ತಿದರು. ಆಮೇಲೆ ಒಳಗೆ ಬಗ್ಗಿ ನೋಡಿ ಪೇಶಕಾರನನ್ನು ಕೇಳಿದರು, "ಆ ಗಡ್ಡದ ಸಾಹೇಬರದು ಊಟ ಆಗ್ಯಾದೇನು?"

ಆ ಮುನಸಫ್ ಸಾಹೇಬರನ್ನು ನಾನು ಮತ್ತೆ ನೋಡಲಿಲ್ಲ. ಬೇರೆ ಎಲ್ಲಿಗೋ ಬದಲಿಯಾಯಿತಂತೆ. ಅವರು ಓದಿದ ಪುಸ್ತಕಗಳಲ್ಲಿ ಇಂಥದ್ದನ್ನೆಲ್ಲ ಹೇಳಿತ್ತೋ, ಅವರಿಗೇ ಹೊಳೆಯಿತೋ ನನಗೆ ಗೊತ್ತಿಲ್ಲ. ಆಮೇಲೆ ಬಹಳ ಜನ ಓದಿದವರನ್ನು ಕಂಡಿದ್ದೇನೆ, ನನ್ನ ಮಕ್ಕಳು ಮೊಮ್ಮಕ್ಕಳೂ ಓದಿದ್ದಾರೆ. ಒಬ್ಬ ಮನುಷ್ಯನ ತಿಳಿವಳಿಕೆಯನ್ನು ನೋಡಲು ಅವನ ಊರಿಗೆ ಹೋಗಿ, ಅವನ ಓರಗೆಯವರ ನಡುವೆ ಕೂತು, ಅವನ ಮಾತು ಬರುವವರೆಗೆ ಲೇಖನಿ ಕೆಳಗಿಟ್ಟು ಕಾದವರನ್ನು ಅವರೊಬ್ಬರನ್ನೇ ಕಂಡದ್ದು.

ನಮ್ಮ ಮನೆಯವರು ಕೆಲವು ತಿಂಗಳು ನನ್ನ ಜೊತೆಯೂ ತಂಗಿಯ ಜೊತೆಯೂ ಮಾತಾಡಲಿಲ್ಲ. ಮಗ ಹುಟ್ಟಿದ. ಅತ್ತೆ ಅವನನ್ನು ಚಂದ್ರಮ್ಮನ ಉಡಿಗೆ ಹಾಕಿ, "ಹಿಡಿ, ನಿನ್ನ ಹಿಂದ ಬರಾಂವ" ಅಂದರು. ಮುಂದಿನ ಮುಂಗಾರಿಗೆ ತಂಗಿಯ ಹೊಲವನ್ನು ಯಾರಿಗೋ ಪಾಲಿಗೆ ಹಾಕುವ ಮಾತು ಬಂದಾಗ ನಮ್ಮವರು ಏನೂ ಹೇಳದೆ ಎತ್ತು ಹೊಡೆದುಕೊಂಡು ಹೋಗಿ ನೇಗಿಲು ಹೂಡಿದರು. ಆಮೇಲೆ ಅದು ಅವರದೇ ಕೆಲಸವಾಯಿತು.

ಅತ್ತೆಯ ಮರೆವು ಮಾತ್ರ ನಿಲ್ಲಲಿಲ್ಲ. ಹಕೀಮರು ತೀರ ತಪ್ಪಾಗಿರಲಿಲ್ಲ, ಕೊಂಚ ಅವಸರ ಮಾಡಿದ್ದರು ಅಷ್ಟೆ. ಕೆಲವು ವರ್ಷಗಳಲ್ಲಿ ಅತ್ತೆಗೆ ಮಗ ಯಾರು, ಮಗಳು ಯಾರು ಅನ್ನುವುದೂ ಮಸುಕಾಯಿತು. ಒಂದು ಎಳ್ಳಮವಾಸ್ಯೆಯ ದಿನ, ಭಜ್ಜಿ, ಸಜ್ಜೆ ಕಡಬು, ಅಂಬಲಿ ಎಲ್ಲ ಹೊತ್ತುಕೊಂಡು ಚಂದ್ರಮ್ಮನ ಹೊಲಕ್ಕೇ ಊಟಕ್ಕೆ ಹೋಗಿದ್ದೆವು. ಅತ್ತೆಯನ್ನು ಗಾಡಿಯಲ್ಲಿ ಕರೆತಂದು ಬದುವಿನ ಮೇಲೆ ಕಂಬಳಿ ಹಾಸಿ ಕೂರಿಸಿದ್ದೆವು. ಅವರು ಜೋಳದ ಪೈರನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದರು.

"ಯಾರ ಹೊಲನವ್ವ ಇದು? ಜ್ವಾಳ ಭಾರಿ ಬಂದಾವ" ಅಂದರು.

"ನಂದವ್ವ" ಅಂದಳು ಚಂದ್ರಮ್ಮ.

"ನಿನಗ ಯಾರು ಕೊಟ್ಟರು?"

"ನೀನೇ ಕೊಟ್ಟಿ."

ಅತ್ತೆ ಸುಮ್ಮನಾದರು. ನಾವು ಕಡಬು ಹಂಚಿದೆವು, ಮಕ್ಕಳು ಉಂಡು ಎದ್ದು ಓಡಿದರು. ಆ ಮಾತು ಎಲ್ಲರಿಗೂ ಮರೆತುಹೋಗಿತ್ತು.

"ನಾ ಕೊಟ್ಟೀನಿ?" ಅಂದರು ಅತ್ತೆ. ಅವರ ಮುಖ ಅರಳಿತು. "ಶಾಣ್ಯಾಕಿ ಇದ್ದೆ ಬಿಡು ನಾ."

ನಮ್ಮ ಮನೆಯವರು ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೆ ಇಟ್ಟರು. ನಗಲು ಶುರುಮಾಡಿದರು. ನಕ್ಕರು, ನಕ್ಕರು, ಆಮೇಲೆ ರುಮಾಲಿನಿಂದ ಮುಖ ಮುಚ್ಚಿಕೊಂಡರು. ಚಂದ್ರಮ್ಮ ಹೋಗಿ ಅಣ್ಣನ ಪಕ್ಕ ಕುಳಿತಳು. ಅತ್ತೆ ಇಬ್ಬರನ್ನೂ ನೋಡಿ, ಇವರು ಯಾರೋ ಒಳ್ಳೆಯವರು ಅನ್ನುವಂತೆ ತಲೆದೂಗಿದರು.

ಈಗ ನನಗೆ ಅವತ್ತಿನ ಅತ್ತೆಗಿಂತ ಹೆಚ್ಚು ವಯಸ್ಸು. ಪ್ರಶ್ನೆ ಕೇಳಿದರೆ ನಾನೂ ಸುಮ್ಮನಿರುತ್ತೇನೆ. ಉತ್ತರ ಇಲ್ಲ ಅಂತಲ್ಲ. ನಾಲ್ಕೈದು ಒಟ್ಟಿಗೆ ಬಂದು ನಿಲ್ಲುತ್ತವೆ, ಯಾವುದನ್ನು ಕೊಡಲಿ ಅಂತ ನೋಡಬೇಕಾಗುತ್ತದೆ. ಹಾಗಂತ ಎಲ್ಲ ಮೌನವೂ ಅದೇ ಅಂತ ಹೇಳಿದರೆ ಸುಳ್ಳಾದೀತು. ಕೆಲವು ಸಲ ಒಳಗೆ ಏನೂ ಇರುವುದಿಲ್ಲ, ಖಾಲಿ ಪಡಸಾಲೆ. ಇನ್ನು ಮುಂದೆ ಅಂಥದ್ದೇ ಹೆಚ್ಚಾಗುತ್ತದೆ ಅಂತ ನನಗೆ ಗೊತ್ತು. ಆದ್ದರಿಂದ ಬ್ಯಾಂಕಿನಿಂದ ಬಂದಾಗಿನಿಂದ ಒಂದು ವಿಷಯ ತೂಗುತ್ತಿದ್ದೆ. ಇವತ್ತು ಮುಂಜಾನೆ ಮಗನನ್ನು ಕರೆದು ಕೂರಿಸಿಕೊಂಡೆ.

"ಈ ಮನಿ ನಿನ್ನ ಹೆಣ್ತಿ ಹೆಸರಿಗಿ ಮಾಡಬೇಕಂತ ಮಾಡೀನಿ" ಅಂದೆ.

ಅವನು ಚಹಾದ ಬಟ್ಟಲು ಕೆಳಗಿಟ್ಟ. "ಯಾಕ, ನಾ ಇಲ್ಲೇನು?"

"ಇದ್ದಿ. ನೀ ಇದನ್ನ ಮಾರಿ ಲಾತೂರದಾಗ ಮನಿ ಮಾಡ್ತಿ. ಆಕಿ ಮಾರಂಗಿಲ್ಲ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಮಗ ವಾದ ಹೂಡಿದ. ನಾನೂ ಬಿಡಲಿಲ್ಲ. ನಡುವೆ ಎರಡು ಸಲ ನನ್ನ ಮಾತಿನ ಎಳೆ ತಪ್ಪಿತು, ಮಗನೇ ಎತ್ತಿಕೊಟ್ಟು ಮತ್ತೆ ಅದರ ವಿರುದ್ಧವೇ ವಾದಿಸಿದ. ಚಹಾ ಆರಿ ಕೆನೆಗಟ್ಟಿತು. ಕೊನೆಗೆ, "ಯವ್ವಾ, ನೀ ಒಮ್ಮಿ ಹಟಕ್ಕ ಬಿದ್ದರ ಬಿಡಾಕಿ ಅಲ್ಲ" ಅಂತ ಎದ್ದು ಅಂಗಿ ಹಾಕಿಕೊಂಡ. ಸೋಮವಾರ ಕಚೇರಿಗೆ ಹೋಗೋಣ ಅಂದ.

ಅವನು ಹೋದ ಮೇಲೆ ನಾನು ಸೊಸೆಯನ್ನು ಕರೆದು ಸೋಮವಾರ ಯಾವತ್ತು ಅಂತ ಕೇಳಿದೆ.

"ನಾಡದ್ದು ಅತ್ತಿ" ಅಂದಳು, ಮತ್ತೆ ರೊಟ್ಟಿ ಬಡಿಯತೊಡಗಿದಳು.